ಮೊದಲು ನೀರು ಪಳಗಬೇಕು

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿ ನಾನೊಂದು ಸಮುದ್ರ ಇಟ್ಟುಕೊಂಡಿದ್ದೆ. ಗಾಜಿನ ತೊಟ್ಟಿ, ಮೇಲೊಂದು ಟ್ಯೂಬ್‌ಲೈಟು, ಒಳಗೆ ಹೈದರಾಬಾದಿನಿಂದ ತಂದ ಸಮುದ್ರದ ಕಲ್ಲು, ಅಲ್ಲಿಂದಲೇ ತಂದ ಸಮುದ್ರದ ಉಪ್ಪು ಕದಡಿದ ನೀರು. ಮೀನು ಮಾತ್ರ ಒಂದೂ ಇರಲಿಲ್ಲ. ಓಣಿಯವರು ಸಂಜೆ ಬಂದು ಇಣುಕಿ, "ಲೈಟ್ ಹಚ್ಚಿ ಬರೇ ನೀರ ನೋಡಾಕತ್ತೀರೇನ್ರಿ ಸಾಹೇಬ್ರ?" ಎಂದು ನಕ್ಕು ಹೋಗುವರು. ನಗಲಿ ಬಿಡಿ. ನನಗೋ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಮೀನಿನ ಹೇಲುಚ್ಚೆಯಿಂದ ನೀರಲ್ಲಿ ಅಮೋನಿಯ ಸೇರುತ್ತದೆ. ಅದು ಮೀನಿಗೇ ವಿಷ. ಕಣ್ಣಿಗೆ ಕಾಣದ ಕೆಲವು ಜೀವಾಣುಗಳು ಅದನ್ನು ತಿಂದು ಇನ್ನೊಂದು ವಿಷ ಮಾಡುತ್ತವೆ, ಮತ್ತೆ ಕೆಲವು ಅದನ್ನೂ ತಿಂದು ನೀರನ್ನು ನಿರಪಾಯ ಮಾಡುತ್ತವೆ. ಈ ಎರಡೂ ಬಗೆಯ ಜೀವಾಣುಗಳು ಕಲ್ಲಿನಲ್ಲಿ ಸಂಸಾರ ಹೂಡುವವರೆಗೆ ಮೀನು ಬಿಡುವಂತಿಲ್ಲ. ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ದಿನವಿಡೀ ಸೀಸೆ ಅಲ್ಲಾಡಿಸುವ ನನಗೆ ಮನೆಗೆ ಬಂದ ಮೇಲೂ ಸೀಸೆ ಅಲ್ಲಾಡಿಸುವ ಸುಖ ಸಿಕ್ಕಿತ್ತು.

ಆತುರಪಡುವ ಹಾಗಿರಲಿಲ್ಲ. ಹಿಂದೊಮ್ಮೆ ತಂದ ಸಿಹಿನೀರಿನ ಕೆಂಪು ಮೀನು ಸತ್ತು, ಅವ್ವ ಅಳುತ್ತಾ ಅದನ್ನು ತುಳಸಿಗಿಡದ ಹತ್ತಿರ ಹೂಳಿದ್ದಳು. ನಮ್ಮದು ಇರುವೆಗೂ ಸಕ್ಕರೆ ಹಾಕುವ ಮನೆ. ಈ ಸಲ ಮೊದಲೇ ಹೇಳಿಬಿಟ್ಟಿದ್ದಳು: "ಇನ್ನೊಂದ ಜೀವ ಹ್ವಾದ್ರ ಈ ಪೆಟ್ಟಿಗಿನೂ ಹೊರಗ ಹೋಗತೈತಿ, ನೋಡ ಮತ್ತ."

ಜೀವಾಣುಗಳಿಗೆ ಮೊದಲ ಊಟವಾಗಿ ಸತ್ತ ಸಿಗಡಿಯೊಂದನ್ನು ನೀರಲ್ಲಿ ಕೊಳೆಹಾಕಿ ಎಂದು ಹೈದರಾಬಾದಿನ ಮೀನಿನ ಅಂಗಡಿಯವರು ಹೇಳಿದ್ದರು. ನಮ್ಮ ಮನೆಯಲ್ಲಿ ಸಿಗಡಿ! ಅದರ ಹೆಸರೆತ್ತಿದರೂ ನಾನೇ ಪೆಟ್ಟಿಗೆಗಿಂತ ಮೊದಲು ಹೊರಗೆ. ಯೋಚಿಸುತ್ತಾ ಕೂತಾಗ ಹೊಳೆಯಿತು: ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಉಜ್ಜುವ ನವಸಾಗರ ಅಮೋನಿಯದ ಉಪ್ಪೇ ಅಲ್ಲವೇ? ಹುಮನಾಬಾದಿನ ಬಜಾರಿಗೆ ಓಡಿದೆ.

"ಎಷ್ಟ ಭಾಂಡಿ ಅದಾವ್ರಿ ಕಲಾಯಿಗಿ?" ಎಂದ ಕಲಾಯಿಯವ.

"ಭಾಂಡಿಗಲ್ರಿ, ನೀರಿಗೆ."

"ನೀರಿಗಿ ಕಲಾಯಿ!" ಅವನು ತಿದಿ ಒತ್ತುವುದನ್ನೇ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನವಸಾಗರದ ಪೊಟ್ಟಣವನ್ನಂತೂ ಕೊಟ್ಟ. ಲ್ಯಾಬಿನಲ್ಲಿ ಅದು ಶುದ್ಧವಿದೆಯೆಂದು ನೋಡಿಕೊಂಡು ಚಿಟಿಕೆ ಚಿಟಿಕೆಯಾಗಿ ತೊಟ್ಟಿಗೆ ಹಾಕತೊಡಗಿದೆ.

ತೊಟ್ಟಿಯ ನೀರಿಗೆ ಔಷಧದ ಹನಿ ಬಿಟ್ಟು ಅಲ್ಲಾಡಿಸಿದರೆ ಪರೀಕ್ಷೆಯ ಸೀಸೆ ವಾರಗಟ್ಟಲೆ ಕಡು ಹಸಿರು ತೋರಿಸಿತು. ಹಸಿರೆಂದರೆ ವಿಷ. ಒಂದು ಬೆಳಿಗ್ಗೆ ಬಣ್ಣ ಕೊಂಚ ತಿಳಿಯಾಯಿತು. ಆಮೇಲೆ ಎರಡನೆಯ ವಿಷ ಏರಿತು, ಇಳಿಯಿತು. ಕೊನೆಗೆ ಸಂಜೆ ಹಾಕಿದ ನವಸಾಗರ ಬೆಳಗಾಗುವುದರಲ್ಲಿ ಮಾಯವಾಗಿ ಸೀಸೆ ನಿಂಬೆಹಳದಿಗೆ ತಿರುಗಿದಾಗ ನಾನು ಪಡಸಾಲೆಯಲ್ಲೇ ಕುಣಿದುಬಿಟ್ಟೆ. ಹೈದರಾಬಾದಿಗೆ ಫೋನು ಮಾಡಿದೆ. ಸೋಮವಾರ ಹುಮನಾಬಾದಿಗೆ ಬರುವ ಮೊದಲ ಬಸ್ಸಿಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು ಹಾಕಿಕೊಡುವುದಾಗಿ ಅಂಗಡಿಯವರು ಒಪ್ಪಿದರು.

ಭಾನುವಾರ ಸ್ನಾನ ಮುಗಿಸಿ ಬರುವಷ್ಟರಲ್ಲಿ ತೊಟ್ಟಿಯ ಗಾಜಿಗೆ ಅರಿಶಿನ, ಕುಂಕುಮ, ಒಳಗೆ ಹಾಲಿನಂಥ ನೀರು! ನಮ್ಮ ಕಡೆ ಹೊಸ ಬಾವಿಗೆ ನೀರು ಬಿದ್ದರೆ ಗಂಗವ್ವನಿಗೆ ಪೂಜೆ ಮಾಡಿ ಎಡೆ ಬಿಡುತ್ತಾರೆ. ಮೀನು ಬರುವ ಮೊದಲು ಆಗಿಹೋಗಲಿ ಎಂದು ಅವ್ವ ದೊಡ್ಡ ಮೊಸರನ್ನದ ಉಂಡೆಯನ್ನೇ ಬಿಟ್ಟಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. "ಅನ್ನ ಕೊಳತ್ರ ವಿಷ ಆಗತೈತೆವ್ವಾ! ಮೀನ ಸಾಯ್ತಾವ!" ಎಂದು ಕೂಗಿದೆ. ಅವಳು, "ನೀರಿಗಿ ಎಡಿ ಕೊಡಬಾರದೇನೋ?" ಎಂದಷ್ಟೇ ಹೇಳಿ ಒಳಗೆ ಹೋದಳು. ನಾನು ಜಾಲರಿಯಿಂದ ಅಗುಳು ಬಾಚಿದ್ದೇ ಬಾಚಿದ್ದು. ಮೀನು ಕಳಿಸಬೇಡಿ ಎನ್ನೋಣವೆಂದರೆ ಹೈದರಾಬಾದಿನ ಅಂಗಡಿಗೆ ರಜೆ, ಫೋನು ಎತ್ತುವವರಿಲ್ಲ. ಸಂಜೆ ಸೀಸೆ ಮತ್ತೆ ಹಸಿರು.

ಸೋಮವಾರ ಬೆಳಿಗ್ಗೆ ನೀರು ತಿಳಿಯಾಗಿತ್ತು. ಸೀಸೆ ಅಲ್ಲಾಡಿಸಿ ಕಾದೆ. ಹಳದಿ! ನಂಬದೆ ಇನ್ನೊಮ್ಮೆ ಮಾಡಿದೆ. ಹಳದಿಯೇ! ಎರಡನೆಯ ವಿಷವೂ ಇಲ್ಲ. ಕಲ್ಲಿನೊಳಗಿನ ನನ್ನ ಸಾಕುಜೀವಿಗಳು ಮೊಸರನ್ನದ ವಿಷವನ್ನೂ ತಿಂದು ತೇಗಿದ್ದವು. ಗಾಡಿ ಹತ್ತಿ ಹುಮನಾಬಾದಿಗೆ ಹಾರಿದೆ. ಬಸ್ಸಿನಿಂದ ಇಳಿದ ಡಬ್ಬಿಯನ್ನು ಎದೆಗೆ ಅವಚಿಕೊಂಡು ತಂದು, ನಿಧಾನವಾಗಿ ನೀರಿಗೆ ಒಗ್ಗಿಸಿ ಎರಡನ್ನೂ ಬಿಟ್ಟೆ. ಮೊದಲು ಮೂಲೆ ಸೇರಿದವು, ಆಮೇಲೆ ತೊಟ್ಟಿಯೆಲ್ಲಾ ತಮ್ಮದೇ ಎಂಬಂತೆ ಸುತ್ತಾಡಿದವು. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಅವ್ವ ಅಡುಗೆಮನೆಯ ಬಾಗಿಲು ದಾಟಿ ಬರಲೊಲ್ಲಳು. ಬಹಳ ಹೊತ್ತಾದ ಮೇಲೆ ಅಲ್ಲಿಂದಲೇ ಕೇಳಿದಳು: "ಜೀವಂತ ಅದಾವೇನೋ?"

"ಅದಾವ ಬೇ, ಆಡಾಕತ್ತಾವ. ಬಂದ ನೋಡ."

ಬಂದಳು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಎರಡನ್ನೂ ನೋಡಿದಳು.

"ಉಣ್ಣಾಕ ಹಾಕಿದೇನ?"

"ಹಾಕೇನಿ. ತಿಂದಾವ."

ಅವ್ವ ಗೋಡೆ ಹಿಡಿದು ಅಲ್ಲೇ ನೆಲಕ್ಕೆ ಕುಳಿತಳು. "ಹಂಗಾದ್ರ ನನಗೂ ಒಂದ ರೊಟ್ಟಿ ಹಾಕಪ್ಪಾ," ಎಂದಳು, "ನಿನ್ನಿ ಮುಂಜಾನಿಂದ ಉಂಡಿಲ್ಲ."