ಕುಂದಾಣದ ಪಡಸಾಲೆಯಲ್ಲಿ ನನ್ನ ಪರೀಕ್ಷೆ

ಇವತ್ತು ಬೆಳಿಗ್ಗೆ ಆವತಿಯ ಒಂದು ಮನೆಯಲ್ಲಿ ಕುರ್ಚಿ ಮೇಲೆ ಕೂತಿದ್ದೆ. ಒಳಗಿನಿಂದ ರವೆ ಹುರಿಯುವ ಘಮ ಬಂತು ನೋಡಿ, ನನ್ನ ಎದೆ ಧಸಕ್ಕೆಂದಿತು. ಉಪ್ಪಿಟ್ಟಿಗೆ ಹೆದರುವವರೂ ಇದ್ದಾರೆಯೇ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ನಿಮ್ಮ ಎದುರಿಗೆ ಒಬ್ಬರು ಉಪ್ಪಿಟ್ಟು ತಿನ್ನುತ್ತಾ ನಿಮ್ಮ ಯೋಗ್ಯತೆ ಅಳೆದಿದ್ದರೆ ಆಗ ಗೊತ್ತಾಗುತ್ತಿತ್ತು.

ನಾನು ಸಮಾಜ ಕಾರ್ಯಕರ್ತೆ. ನಮ್ಮ ದೊಡ್ಡಮ್ಮ ಇವತ್ತಿಗೂ ನನ್ನ ಕೆಲಸವನ್ನು 'ಮನೆಮನೆಗೆ ಹೋಗಿ ಬುದ್ಧಿ ಹೇಳೋದು' ಎಂದೇ ಪರಿಚಯಿಸುತ್ತಾಳೆ. ಕೇಳಿದವರು, ಅದಕ್ಕೆ ಸಂಬಳ ಬೇರೆ ಕೊಡ್ತಾರಾ ಎಂದು ಕಣ್ಣರಳಿಸುತ್ತಾರೆ. ಎಂಎಸ್‌ಡಬ್ಲ್ಯು ಮುಗಿಸಿ ದೇವನಹಳ್ಳಿಯ ಸಂಸ್ಥೆಯೊಂದಕ್ಕೆ ಸೇರಿದಾಗ ನನಗೆ ಒಳ್ಳೆಯ ಅಂಕ ತೆಗೆದ ಜಂಬವಿತ್ತು. ಸಂಸ್ಥೆಯವರು ಅದಕ್ಕೆ ಕ್ಯಾರೇ ಅನ್ನಲಿಲ್ಲ. ಅವರ ಪರೀಕ್ಷೆಯೇ ಬೇರೆ. ವರ್ಷ ಕಳೆದ ಮೇಲೆ ಹೊರಗಿನಿಂದ ಒಬ್ಬರು ಬರುತ್ತಾರೆ, ನಾನು ಒಂದು ಮನೆಗೆ ಹೋಗಿ ಮಾತಾಡುವುದನ್ನು ಕೂತು ನೋಡುತ್ತಾರೆ, ಆ ಮನೆಯವರ ಅಭಿಪ್ರಾಯ ಕೇಳುತ್ತಾರೆ, ಆಮೇಲೆ ಯಾಕೆ ಹಾಗೆ ಮಾಡಿದೆ, ಯಾಕೆ ಹೀಗೆ ಹೇಳಿದೆ ಎಂದು ನನ್ನನ್ನೇ ಕೆದಕುತ್ತಾರೆ. ಪಾಸಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದು. ಅಡುಗೆ ಬರುತ್ತದೋ ಇಲ್ಲವೋ ತಿಳಿಯಬೇಕಾದರೆ ಒಲೆ ಮುಂದೆಯೇ ನಿಲ್ಲಿಸಬೇಕು, ನ್ಯಾಯವೇ. ಆದರೆ ನಿಂತವಳ ಪಾಡು?

ಪರೀಕ್ಷೆಗೆ ಆರಿಸಿದ್ದು ಕುಂದಾಣದ ಮುನಿಯಮ್ಮಜ್ಜಿಯ ಮನೆ. ಇರುವ ಮನೆಗಳಲ್ಲೆಲ್ಲ ನಾನು ಸೋತು ಸುಣ್ಣವಾಗಿದ್ದ ಮನೆ ಅದು. ಅಜ್ಜಿ ತನ್ನ ಮೊಮ್ಮಗಳು ಅಶ್ವಿನಿಯನ್ನು, ಇನ್ನೂ ಹದಿನೆಂಟು ತುಂಬದ ಹುಡುಗಿಯನ್ನು, ಕಾಲೇಜು ಬಿಡಿಸಿ ಮದುವೆ ಮಾಡಲು ಹೊರಟಿದ್ದಳು. ಗಂಡಿನ ಕಡೆಯವರು ಒಬ್ಬರಾದ ಮೇಲೊಬ್ಬರು ಬಂದು ನೋಡಿ ಹೋಗಿದ್ದರು. ಮುಂದಿನ ವಾರ ವಿಜಯಪುರದವರು ಬರುವವರಿದ್ದರು. ನಾನು ಕಾನೂನು ಹೇಳಿದೆ, ಆರೋಗ್ಯ ಹೇಳಿದೆ, ಓದಿನ ಮಹಿಮೆ ಹೇಳಿದೆ. ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು. ಹೋದಾಗಲೆಲ್ಲ ಅಜ್ಜಿ, "ಬಂದೋರು ನೋಡ್ಕಂಡ್ ಓಯ್ತಾರೆ, ಅಷ್ಟೇ ಕಣವ್ವ. ನೋಡುದ್ರೆ ಮೈ ಸವೀತದಾ?" ಎಂದು ಕೇಳಿ, ಒಂದು ಲೋಟ ಮಜ್ಜಿಗೆ ಕುಡಿಸಿ ಕಳಿಸುತ್ತಿದ್ದಳು.

ಪರೀಕ್ಷೆಯ ವಿಷಯವನ್ನು ಅವಳಿಗೆ ಮೊದಲೇ ಬಿಡಿಸಿ ಹೇಳಿ ಒಪ್ಪಿಗೆ ಪಡೆದಿದ್ದೆ. ಕೆಲಸದ ಪರೀಕ್ಷೆ ಎಂಬುದು ಅವಳಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಆದರೆ ಕೆಲಸಕ್ಕಾಗಲಿ ಮದುವೆಗಾಗಲಿ, ಹುಡುಗಿಯನ್ನು ನೋಡಲು ದೊಡ್ಡವರು ಬರುತ್ತಾರೆ ಎಂದ ಮೇಲೆ ಅದಕ್ಕೊಂದು ಕ್ರಮ ಬೇಡವೇ? ನಾವು ಹೋಗುವಷ್ಟರಲ್ಲಿ ಪಡಸಾಲೆ ಸಾರಿಸಿ ರಂಗೋಲಿ ಬಿಟ್ಟಿದ್ದಳು. ನನ್ನನ್ನು ಪರೀಕ್ಷಿಸಲು ಬೆಂಗಳೂರಿನಿಂದ ಬಂದಿದ್ದ ವಸುಂಧರಾ ಮೇಡಂಗೆ ಕುರ್ಚಿ, ಅದರ ಎದುರಿಗೆ ನನಗೆ ಚಾಪೆ. ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಜಡೆಗೆ ಕನಕಾಂಬರ ಮುಡಿಸಿದಳು. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಕೈಗಿಟ್ಟು, ತಲೆ ಬಗ್ಗಿಸಿಕೊಂಡು ಹೋಗಿ ಕೊಡು ಎಂದಳು. ವೃತ್ತಿಯವರು ಮನೆಯವರೊಡನೆ ಕಾಯ್ದುಕೊಳ್ಳಬೇಕಾದ ಅಂತರದ ಬಗ್ಗೆ ಎಂಎಸ್‌ಡಬ್ಲ್ಯು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ತಲೆ ಬಗ್ಗಿಸಿಕೊಂಡು ಹೋಗಿ ಕೊಟ್ಟೆ.

ಮೇಡಂ ತಟ್ಟೆ ತೆಗೆದುಕೊಂಡರು, ತುಟಿ ಬಿಚ್ಚಲಿಲ್ಲ. ನೋಡುವವರು ನಡುವೆ ಮಾತಾಡಬಾರದು ಎಂಬುದು ನಿಯಮ. ಕನ್ನಡಕದ ಮೇಲಿಂದ ನನ್ನನ್ನು ನೋಡುವುದು, ಒಂದು ಚಮಚ ಬಾಯಿಗಿಡುವುದು, ಏನೋ ಬರೆದುಕೊಳ್ಳುವುದು. ನನಗೂ ಅಜ್ಜಿ ಒಂದು ತಟ್ಟೆ ಕೊಟ್ಟಿದ್ದಳು. ಮೊದಲ ತುತ್ತೇ ಗಂಟಲಲ್ಲಿ ಕೂತಿತು. ಬಾಯಿಪಾಠ ಮಾಡಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಅದರ ಹಿಂದೆ ಸಾಲುಗಟ್ಟಿ ನಿಂತವು.

ನನ್ನ ಬಾಯಿ ಕಟ್ಟಿದ್ದನ್ನು ಕಂಡು ಅಜ್ಜಿಯೇ ಮುಂದಾದಳು. ಹುಡುಗಿ ಗುಣವಂತೆ, ಎದುರುತ್ತರ ಕೊಡುವವಳಲ್ಲ, ಚಪ್ಪಲಿ ಜೋಡಿಸಿ ಬಿಡುತ್ತಾಳೆ, ಕುಡಿದ ಲೋಟ ತಾನೇ ತೊಳೆದಿಡುತ್ತಾಳೆ ಎಂದು ನನ್ನನ್ನು ಒಂದೇ ಸಮನೆ ಹೊಗಳಿದಳು. ಮೇಡಂ ಅದನ್ನೂ ಬರೆದುಕೊಂಡರು. ನನ್ನ ರವಿಕೆ ಬೆನ್ನಿಗೆ ಅಂಟಿಕೊಂಡಿತು. ಕೊನೆಗೆ ಅಜ್ಜಿಗೆ ರೇಗಿಹೋಯಿತು.

"ಇನ್ನೂ ಎಷ್ಟೊತ್ತು ನೋಡೀರವ್ವ ಆ ಮಗೀನ? ಎಂಗ್ ಬೆವ್ತೋಗವ್ಳೆ ನೋಡಿ. ಅವ್ಳೇನ್ ಸಂತೇಲಿ ಕಟ್ಟಿರೋ ಕರಾನಾ?"

ಒಳಬಾಗಿಲಲ್ಲಿ ನಿಂತಿದ್ದ ಅಶ್ವಿನಿ ಮೆಲ್ಲಗೆ ಹೇಳಿದಳು. "ಅಜ್ಜಿ, ಅಕ್ಕಂಗೆ ಒಂದ್ ಸಲಕ್ಕೇ ಹಿಂಗಾಗೈತೆ. ನನ್ನ ಎಷ್ಟ್ ಸಲ ಕೂರ್ಸಿದ್ಯ, ಗ್ಯಾಪ್ಕ ಐತಾ?"

ನಾನು ಏನಾದರೂ ಹೇಳಬೇಕಾದ ಗಳಿಗೆ ಇದೇ ಎಂದು ನನ್ನ ಓದೆಲ್ಲ ತಿವಿಯಿತು. ಬಾಯಿಂದ ಗಾಳಿಯೂ ಹೊರಡಲಿಲ್ಲ. ಅಜ್ಜಿ ಮೊಮ್ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅಶ್ವಿನಿಗೆ, "ನಿಮ್ಮಪ್ಪಂಗೆ ಫೋನ್ ಮಾಡು. ವಿಜಯಪುರದೋರು ಬರಾದ್ ಬ್ಯಾಡ ಅಂತ ಏಳು" ಎಂದಳು.

ಬಸ್ಸಿಗೆ ಕಾಯುವಾಗ ನಾನು ಮೇಡಂ ಬಳಿ ಅಳುವುದೊಂದೇ ಬಾಕಿ. ನಾನೇನೂ ಮಾಡಲಿಲ್ಲ, ನನಗೆ ಮಾತೇ ಹೊರಡಲಿಲ್ಲ ಎಂದೆ.

"ಗೊತ್ತಾಯ್ತಮ್ಮ. ಆ ಹುಡುಗಿ ಅಜ್ಜೀನ ಕೇಳಿದಾಗ ನೀನು ಬಾಯಿ ತೆಗೆದಿದ್ರೆ ಫೇಲ್ ಮಾಡ್ತಿದ್ದೆ" ಎಂದರು.

ವರದಿಯಲ್ಲಿ 'ಮೌನವನ್ನು ಬಳಸುವ ಕೌಶಲ: ಅತ್ಯುತ್ತಮ' ಎಂದಿತ್ತು. ಅದರಲ್ಲಿ ಅರ್ಧ ಪಾಲು ಉಪ್ಪಿಟ್ಟಿನದು, ಸುಳ್ಳೇಕೆ ಹೇಳಲಿ. ಆದರೆ ಅಷ್ಟು ದಿನ ಹೋಗಿ ಮಜ್ಜಿಗೆ ಕುಡಿದು ಬಾರದೇ ಇದ್ದಿದ್ದರೆ, ಅಜ್ಜಿ ನನ್ನ ಪರವಾಗಿ ಹಾಗೆ ರೇಗುತ್ತಿದ್ದಳೇ ಎಂದೂ ಅನ್ನಿಸುತ್ತದೆ. ಅಶ್ವಿನಿ ಪಿಯುಸಿ ಮುಗಿಸಿ, ನರ್ಸಿಂಗ್ ಓದಿ, ಈಗ ನರ್ಸ್ ಆಗಿದ್ದಾಳೆ. ಅವಳನ್ನು ನೆನೆದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಈಗ ನೋಡಲು ಹೋಗುವವಳು ನಾನು. ಇವತ್ತು ಆವತಿಯಲ್ಲಿ ಎದುರಿಗೆ ಚಾಪೆ ಮೇಲೆ ಕೂತಿದ್ದವಳು ದಿವ್ಯಾ, ಹೊಸ ಹುಡುಗಿ. ಮನೆಯಾಕೆಯನ್ನು ಮಾತಾಡಿಸಲು ಹೊರಟು, ನನ್ನ ಪೆನ್ನು ಕಂಡು, ಮುಂದಿನ ಮಾತು ಮರೆತು ಕೂತಿದ್ದಳು. ಇಷ್ಟು ದಿನ ಎಷ್ಟೋ ಜನರನ್ನು ಹೀಗೆ ಕೂರಿಸಿ ನೋಡಿದ್ದೆ, ಇವತ್ತು ನನಗೇಕೋ ತಡೆಯಲಾಗಲಿಲ್ಲ. ಪೆನ್ನು ಮುಚ್ಚಿದೆ, ಕುರ್ಚಿಯಿಂದ ಎದ್ದೆ, ಹೋಗಿ ದಿವ್ಯಾಳ ಪಕ್ಕದಲ್ಲಿ ಚಾಪೆ ಮೇಲೆ ಕೂತೆ.

ಮನೆಯಾಕೆ ಗಾಬರಿಯಾದಳು. "ಯಾಕ್ ಮೇಡಂ, ಹುಡ್ಗಿ ಒಪ್ಗೆ ಆಗ್ಲಿಲ್ವಾ?"

ನೋಡುವವರು ಮಾತಾಡಬಾರದು, ಗೊತ್ತು.

"ನಾನು ಹುಡುಗಿ ಕಡೆಯೋಳು ಕಣಮ್ಮ" ಎಂದೆ.