ಶಾಂತಿಯ ತಲೆಯ ಉಸ್ತುವಾರಿ

ಬೆಳಿಗ್ಗೆ ಏಳೂವರೆಯಾಯಿತೆಂದರೆ ನಮ್ಮ ಪಕ್ಕದ ಮನೆಯಲ್ಲಿ ಒಂದು ಮಗು ಕಿರುಚುತ್ತದೆ. ಹೊಸಬರು, ಬಂದು ಒಂದು ತಿಂಗಳಾಗಿರಬೇಕು. ಮೊದಲ ದಿನ ಯಾರ ಮೇಲೋ ಬಿಸಿನೀರು ಬಿತ್ತೆಂದು ನಾನು ಪೇಪರು ಎಸೆದು ಎದ್ದೇಬಿಟ್ಟಿದ್ದೆ. ಕಾಂಪೌಂಡಿನ ಮೇಲಿಂದ ಇಣುಕಿದರೆ, ನಾಲ್ಕು ವರ್ಷದ ಹುಡುಗಿ, ತಲೆ ತುಂಬ ಕರೀ ಗುಂಗುರು. ತಾಯಿ ಮಗುವನ್ನು ಮಂಡಿಗಳ ನಡುವೆ ಅದುಮಿ ಹಿಡಿದು ನೆತ್ತಿಯಿಂದ ಕೆಳಕ್ಕೆ ಬಾಚಣಿಗೆ ಎಳೆಯುತ್ತಿದ್ದಾಳೆ. ಅದೂ ಒಣಕೂದಲಿಗೆ. ನನ್ನ ಕೈ ತುರಿಸಿತು. "ತುದಿಯಿಂದ ಬನ್ನಿ ಅಮ್ಮ" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಹೇಳುವುದು ಹೇಗೆ? ನನ್ನ ತಲೆಯಲ್ಲಿ ಈಗ ಕಿವಿಯ ಮೇಲೆ ನಾಲ್ಕು, ಕುತ್ತಿಗೆಯ ಹಿಂದೆ ಎಂಟು ಕೂದಲು ಉಳಿದಿವೆ. ಇಂಥವನು ಕೂದಲಿನ ವಿಷಯದಲ್ಲಿ ಬುದ್ಧಿ ಹೇಳಿದರೆ ನೀವಾದರೂ ಕೇಳುತ್ತೀರಾ? ಸುಮ್ಮನೆ ಬಂದು ಪೇಪರು ಹಿಡಿದೆ. ಓದಿದ್ದೊಂದೂ ತಲೆಗೆ ಹೋಗಲಿಲ್ಲ.

ಈಗ ನಂಬುವವರಿಲ್ಲ, ಆದರೆ ಒಂದು ಕಾಲದಲ್ಲಿ ಮೈಸೂರಿನ ಇಡೀ ಒಂಟಿಕೊಪ್ಪಲಿನಲ್ಲಿ ಗುಂಗುರು ಕೂದಲಿನ ಬಗ್ಗೆ ನನ್ನಷ್ಟು ತಿಳಿದ ಗಂಡಸು ಇನ್ನೊಬ್ಬನಿರಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ನಾನು ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನನ್ನ ಹೆಂಡತಿ ಜಾನಕಿಗೂ ಮೇಡಂ ಆಗುವ ಆಸೆ. ಅದಕ್ಕೆ ಟ್ರೇನಿಂಗ್ ಆಗಬೇಕು. ಮೈಸೂರಿನಲ್ಲಿ ಆ ವರ್ಷ ಜಾಗ ಸಿಗದೆ ಬೆಂಗಳೂರಿನಲ್ಲಿ ಸಿಕ್ಕಿತು. ಹತ್ತು ತಿಂಗಳು ಹಾಸ್ಟೆಲಿನಲ್ಲಿರಬೇಕು. ಐದು ವರ್ಷದ ಮಗಳು ಶಾಂತಿಯನ್ನು ಬಿಟ್ಟು ಹೋಗುವುದೆಂದರೆ ಆ ದಿನಗಳಲ್ಲಿ ಬೀದಿಯವರೆಲ್ಲ ಮಾತಾಡಿಕೊಳ್ಳುವ ಸಂಗತಿ. ನಾನು ದೊಡ್ಡ ಉದಾರಿಯಂತೆ, "ಹೋಗಿ ಬಾ, ಇಲ್ಲಿ ಎಲ್ಲ ನಡೆಯುತ್ತೆ" ಎಂದು ರೈಲು ಹತ್ತಿಸಿದೆ. ರೈಲು ಹೊರಟಮೇಲೆ ಅವಳು ಕಿಟಕಿಯಿಂದ ಕೇಳಿದ್ದು ಒಂದೇ ಮಾತು, ಶಾಂತಿಯ ತಲೆ ಯಾರು ಬಾಚುತ್ತಾರೆ ಎಂದು. ಉತ್ತರ ಕೊಡುವಷ್ಟರಲ್ಲಿ ರೈಲು ಪ್ಲಾಟ್‌ಫಾರಂ ದಾಟಿತ್ತು.

ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎನ್ನುತ್ತಾರೆ. ಹಾಗೆ ಎಂದವರು ನಮ್ಮ ಶಾಂತಿಯ ತಲೆ ಬಾಚಿದವರಲ್ಲ. ಒತ್ತಾದ, ಸುರುಳಿ ಸುರುಳಿ ಕೂದಲು. ಒದ್ದೆಯಾದಾಗ ಸೊಂಟದವರೆಗೆ ಬರುತ್ತಿತ್ತು, ಒಣಗಿದಾಗ ಭುಜದ ಮೇಲೆ ಮುದುಡಿ ಕೂರುತ್ತಿತ್ತು. ಒಂದು ರಾತ್ರಿ ಮಲಗಿ ಎದ್ದರೆ ಹಿಂಭಾಗವೆಲ್ಲ ತೆಂಗಿನನಾರು. ಹೆಸರು ಶಾಂತಿ ಎಂದಿಟ್ಟವನು ನಾನೇ. ಬಾಚಣಿಗೆ ಕಂಡರೆ ಸಾಕು, ಅವಳು ಮಂಚದ ಕೆಳಗೆ ಸೇರುತ್ತಿದ್ದಳು.

ಮೊದಲ ವಾರ ನನ್ನ ತಾಯಿ ಬಾಚಿದರು. ಎರಡು ಮರದ ಬಾಚಣಿಗೆಗಳು ಹಲ್ಲು ಉದುರಿಸಿಕೊಂಡವು, ಮಗು ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿತು. ಎಂಟನೆಯ ದಿನ ಅಮ್ಮ ಬಾಚಣಿಗೆ ಕೆಳಗಿಟ್ಟು, "ನಂಜನಗೂಡಿಗೆ ಹೋಗಿ ಮುಡಿ ಕೊಟ್ಟುಬಿಡೋಣ ಕಣೋ. ದೇವರಿಗೂ ಸಂತೋಷ, ಮಗೂಗೂ ಸುಖ" ಎಂದರು. ಬರುವ ಸೋಮವಾರವೇ ಒಳ್ಳೆಯದೆಂದೂ, ಜಾನಕಿ ಬರುವ ಹೊತ್ತಿಗೆ ಕೂದಲು ಚಿಗುರಿರುತ್ತದೆಂದೂ ಸೇರಿಸಿದರು.

ಅಮ್ಮ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಜಾನಕಿಯನ್ನು ನಾನು ಬಲ್ಲೆ. ಮಗಳ ತಲೆ ಬೋಳಿಸಿದ ಸುದ್ದಿ ಕಿವಿಗೆ ಬಿದ್ದರೆ, ತಾನು ಮನೆ ಬಿಟ್ಟು ಬಂದದ್ದಕ್ಕೇ ಹೀಗಾಯಿತೆಂದು ತಿಳಿದು ಮಾರನೆಯ ರೈಲಿಗೇ ವಾಪಸು ಬರುತ್ತಾಳೆ. ಬಂದವಳು ಮತ್ತೆ ಹೋಗುವುದಿಲ್ಲ. ಬೀದಿಯವರು, "ನಾವು ಆಗಲೇ ಹೇಳಿದ್ದೆವಲ್ಲ" ಎನ್ನುತ್ತಾರೆ. ಅವಳು ಮೇಡಂ ಆಗುವುದು ಆ ಮಗುವಿನ ತಲೆಗೂದಲಿಗೆ ನೇತುಬಿದ್ದಿತ್ತು. ನಾಳೆಯಿಂದ ನಾನೇ ಬಾಚುತ್ತೇನೆ ಎಂದುಬಿಟ್ಟೆ. ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಗಲಿ, ಸೋಮವಾರದವರೆಗೆ ಎಂದರು.

ಲೆಕ್ಕದ ಮೇಷ್ಟ್ರು ಬೈತಲೆ ಹೇಗೆ ತೆಗೆಯುತ್ತಾನೆ ಗೊತ್ತೆ? ಫುಟ್‌ರೂಲರು ಇಟ್ಟು. ಹಣೆಯ ಮಧ್ಯಬಿಂದು ಗುರುತಿಸಿ, ನೆತ್ತಿಯವರೆಗೆ ಅಡ್ಡಪಟ್ಟಿ ಹಿಡಿದು, ಪೆನ್ಸಿಲಿನ ತುದಿಯಿಂದ ಗೀಟೆಳೆದೆ. ರೂಲರು ಎತ್ತಿದೊಡನೆ ಎರಡು ಕಡೆಯ ಕೂದಲೂ ಒಂದಾಗಿ ಗೀಟು ಮಾಯವಾಯಿತು. ಬಗ್ಗದ್ದನ್ನು ಎಣ್ಣೆಯಿಂದ ಬಗ್ಗಿಸೋಣವೆಂದು ಅರ್ಧ ಸೀಸೆ ಹರಳೆಣ್ಣೆ ಸುರಿದೆ. ಅದು ಕೂದಲಿಗೆ ಹಿಡಿಯಲಿಲ್ಲ, ಉಳಿದದ್ದಕ್ಕೆಲ್ಲ ಹಿಡಿಯಿತು. ದಿಂಬು, ಸ್ಲೇಟು, ನನ್ನ ಪಂಚೆ, ಏಳನೆಯ ಕ್ಲಾಸಿನ ನಲವತ್ತು ನೋಟ್‌ಬುಕ್ಕು. ಪ್ರತಿ ಲೆಕ್ಕದ ಪಕ್ಕದಲ್ಲೂ ನನ್ನ ಹೆಬ್ಬೆಟ್ಟಿನ ಗುರುತು. ಹೆಡ್‌ಮಾಸ್ಟರು ಒಂದು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ವಾಪಸು ಕೊಟ್ಟರು.

ಭಾನುವಾರ ನಮ್ಮನ್ನು ಉಳಿಸಿದವಳು ಸಣ್ಣಮ್ಮ. ಪಕ್ಕದ ಹಳ್ಳಿ ಹಿನಕಲ್ಲಿನಿಂದ ನಡೆದುಬಂದು ನಮ್ಮ ಬೀದಿಗೆಲ್ಲ ಮೊಸರು ಹಾಕುತ್ತಿದ್ದಳು. ಅವಳು ಬಂದಾಗ ನಾನು ಜಗಲಿಯ ಮೇಲೆ ಮಗುವನ್ನು ಕೂರಿಸಿಕೊಂಡು ಬೆವರುತ್ತಿದ್ದೆ, ಮಗು ಊರಿಗೇ ಕೇಳುವಂತೆ ಅಳುತ್ತಿತ್ತು. ಸಣ್ಣಮ್ಮ ಕುಕ್ಕೆ ಇಳಿಸಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಡೆಯಲಾಗದೆ, "ಬುಡಿ ಸ್ವಾಮಿ. ಒಣಕೂದ್ಲಿಗೆ ಬಾಚಣಿಗೆ ಆಕುದ್ರೆ ಮಗ ಅಳ್ದೆ ನಗ್ತದಾ? ನಮ್ಮನೇಲಿ ನಾಕು ಮಕ್ಕಳದೂ ಇಂತದೇ ತಲೆ. ದಾಸವಾಳದ ಸೊಪ್ಪು ಕಿವುಚಿ ಲೋಳೆ ಅಚ್ಚಿ. ಒದ್ದೆ ಇರ್ವಾಗ್ಲೇ ಬೆರಳಲ್ಲಿ ಬುಡ್ಸಿ. ತುದೀಲಿ ಸುರು ಮಾಡಿ, ಬುಡಕ್ಕೆ ಕಡೇಲಿ ಬನ್ನಿ" ಎಂದಳು.

ಹೇಳಿ ಹೋಗುವವಳಲ್ಲ. ಹಿತ್ತಲಿನ ಬಿಳಿ ದಾಸವಾಳದಿಂದ ಸೊಪ್ಪು ಕಿತ್ತು, ನೀರಿನಲ್ಲಿ ಕಿವುಚಿ, ಲೋಳೆಯನ್ನು ಮಗುವಿನ ತಲೆಗೆ ಹಚ್ಚಿದಳು. ಕೂದಲನ್ನು ನಾಲ್ಕು ಪಾಲು ಮಾಡಿ ಮೂರನ್ನು ಗಂಟು ಹಾಕಿದಳು. ನಾಲ್ಕನೆಯದರ ತುದಿಯ ಎರಡು ಅಂಗುಲವನ್ನಷ್ಟೇ ಹಿಡಿದು, ಸಿಕ್ಕಿನ ಮೇಲ್ಭಾಗವನ್ನು ಎಡಗೈಯಲ್ಲಿ ಬಿಗಿಹಿಡಿದು ಬಿಡಿಸಿದಳು. ಎಳೆದದ್ದು ಬುಡಕ್ಕೆ ಮುಟ್ಟುವಂತಿರಲಿಲ್ಲ, ಅದೇ ಗುಟ್ಟು. ಶಾಂತಿ ಬಾಯಿ ತೆರೆದಿದ್ದವಳು ಅಳು ಬಾರದೆ ಹಾಗೇ ಕೂತಳು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಅಷ್ಟು ಚೆನ್ನಾಗಿ ಒಂದು ಪಾಠವನ್ನೂ ಹೇಳಿಲ್ಲ. ಸೋಮವಾರ ನಾವು ನಂಜನಗೂಡಿಗೆ ಹೋಗಲಿಲ್ಲ.

ಅಂದಿನಿಂದ ನನ್ನ ಬೆಳಗು ಗೊತ್ತಾದ ದಾರಿ ಹಿಡಿಯಿತು. ಮಂಗಳವಾರ ಶುಕ್ರವಾರ ಎಣ್ಣೆನೀರು, ಸೀಗೇಪುಡಿ ನೆತ್ತಿಗೆ ಮಾತ್ರ. ಮಿಕ್ಕ ದಿನ ಕೈ ಒದ್ದೆ ಮಾಡಿಕೊಂಡು ಬೆರಳ ಬಾಚಣಿಗೆ. ಒಂದು ಸಿಕ್ಕಿಗೆ ಒಂದು ಸಾಲು ಮಗ್ಗಿ ಎಂದು ನಮ್ಮಿಬ್ಬರಲ್ಲಿ ಒಪ್ಪಂದ. ಸ್ಕೂಲಿಗೆ ಸೇರುವ ಮೊದಲೇ ಅವಳಿಗೆ ಹನ್ನೆರಡರ ಮಗ್ಗಿ ಬಾಯಿಗೆ ಬಂದಿತ್ತು. ಬುದ್ಧಿವಂತೆ ಎಂದು ಜನ ಹೊಗಳಿದರು. ಸಿಕ್ಕು ಎಷ್ಟಿತ್ತೆಂಬುದು ನನಗೆ ಗೊತ್ತು.

ಅಮ್ಮ ಇದನ್ನೆಲ್ಲ ದೂರ ಕೂತು ನೋಡುತ್ತಿದ್ದರು. ಅವರು ಮಡಿ ಹೆಂಗಸು. ತಂದೆ ಹೋದಾಗ ಅವರಿಗೆ ಮೂವತ್ತೊಂದು. ಅಂದಿನಿಂದ ತಲೆಯ ಮೇಲೆ ಕೆಂಪು ಸೀರೆಯ ಸೆರಗು, ಅದರ ಅಡಿಯಲ್ಲಿ ಕೂದಲಿಲ್ಲ. ಒಂದು ದಿನ, ರಾತ್ರಿ ದಿಂಬಿಗೆ ಉಜ್ಜಿಯೇ ಇಷ್ಟು ಸಿಕ್ಕಾಗುತ್ತದೆ ಎಂದು ನಾನು ಗೊಣಗಿದೆ. ಅಮ್ಮ ಎದ್ದುಹೋಗಿ ಟ್ರಂಕಿನಿಂದ ತಮ್ಮ ಮದುವೆಯ ರೇಷ್ಮೆಸೀರೆ ತಂದು, ನಾನು ಬೇಡವೆನ್ನುವಷ್ಟರಲ್ಲಿ ಕತ್ತರಿ ಹಾಕಿದರು. ಮಗುವಿನ ದಿಂಬಿಗೆ ಒಂದು ಗವಸು ಹೊಲಿಯುತ್ತ, "ರೇಷ್ಮೆ ಮೇಲೆ ಮಲಗಿದರೆ ಸಿಕ್ಕಾಗಲ್ಲ. ನನ್ನದೂ ಹೀಗೇ ಇತ್ತು" ಎಂದರು. ನಾನು ತಲೆ ತಗ್ಗಿಸಿಕೊಂಡು ಮಗ್ಗಿ ಹೇಳಿಕೊಡುವುದನ್ನು ಮುಂದುವರಿಸಿದೆ. ಆಮೇಲೆ ಅವರು ಮುಡಿಯ ಮಾತೆತ್ತಲಿಲ್ಲ.

ಇಷ್ಟಾದರೂ ಜಾನಕಿಗೆ ನಾನು ಬರೆಯುತ್ತಿದ್ದದ್ದು ಶುದ್ಧ ಸುಳ್ಳು, ಅಮ್ಮ ಬಾಚುತ್ತಿದ್ದಾರೆ ಎಂದು. ಗಂಡಸು ಜಡೆ ಹಾಕುತ್ತಾನೆಂದರೆ ಹಾಸ್ಟೆಲಿನಲ್ಲಿ ಅವಳನ್ನು ಆಡಿಕೊಂಡಾರು ಎಂದು ನೆಪ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ನನಗೇ ನಾಚಿಕೆ. ಅವಳು ನಂಬಲಿಲ್ಲ. ಅತ್ತೆಯ ಕೈಯೂ ಗೊತ್ತು, ಮಗಳ ತಲೆಯೂ ಗೊತ್ತು. ದಸರೆಗೆ ಮುಂಚೆ ಒಂದು ಕಾಗದ ಬಂತು. ಪುಸ್ತಕ ಹಿಡಿದರೆ ಮಗುವಿನ ಅಳುವೇ ಕೇಳಿಸುತ್ತದೆ, ದೀಪಾವಳಿಗೆ ಪೆಟ್ಟಿಗೆ ಸಮೇತ ಬಂದುಬಿಡುತ್ತೇನೆ, ಟ್ರೇನಿಂಗು ಸಾಕು ಎಂದಿತ್ತು.

ಮಾತನ್ನು ನಂಬುವುದಿಲ್ಲ, ಫೋಟೋವನ್ನು ನಂಬಬೇಕಲ್ಲ! ಮೊಗ್ಗಿನ ಜಡೆ ಹಾಕಿಸಿ ಫೋಟೋ ತೆಗೆಸುವುದೆಂದು ತೀರ್ಮಾನವಾಯಿತು. ಅಮ್ಮ ಬೆಳಿಗ್ಗೆಯಿಂದ ಬಾಳೆಪಟ್ಟೆಯ ಮೇಲೆ ಸಾಲುಸಾಲಾಗಿ ಮಲ್ಲಿಗೆ ಮೊಗ್ಗು ಹೊಲಿದರು. ನಾನು ಜಡೆ ಹೆಣೆದೆ, ಅದರ ಮೇಲೆ ಮೊಗ್ಗಿನ ಪಟ್ಟೆ ಬಿಗಿದೆವು. ಮೊಗ್ಗಿನ ಜಡೆಯ ಫೋಟೋ ಹೇಗೆಂದು ನಿಮಗೆ ಗೊತ್ತು. ಹುಡುಗಿಯ ಬೆನ್ನ ಹಿಂದೆ ಒಂದು ನಿಲುವುಗನ್ನಡಿ ಓರೆಯಾಗಿ ಇಡುತ್ತಾರೆ. ಮುಖ ಮುಂದೆ, ಜಡೆ ಕನ್ನಡಿಯಲ್ಲಿ, ಎರಡೂ ಒಂದೇ ಪಟದಲ್ಲಿ. ಸ್ಟುಡಿಯೋದಲ್ಲಿ ಎಲ್ಲ ಸರಿಯಾಯಿತು, ಶಾಂತಿಯ ಹಣೆಯ ಮೇಲಿನ ಒಂದು ಗುಂಗುರು ಮಾತ್ರ ಒತ್ತಿದಷ್ಟೂ ಎದ್ದುನಿಲ್ಲುತ್ತಿತ್ತು. ನಾನು ನೀರು ಹಚ್ಚಿ ಒತ್ತಿ ಕ್ಯಾಮೆರಾದ ಪಕ್ಕಕ್ಕೆ ಓಡಿಬಂದು ಕೂರುವುದು, ಅದು ಏಳುವುದು, ಮತ್ತೆ ನಾನು ಓಡುವುದು. ಕೊನೆಗೆ ಫೋಟೋದವರು ಕರೀಬಟ್ಟೆಯೊಳಗಿನಿಂದಲೇ ಸುಮ್ಮನಿರಿ ಎಂದು ಗದರಿಸಿ ಕ್ಲಿಕ್ ಮಾಡಿಯೇಬಿಟ್ಟರು.

ಒಂದು ವಾರದ ಮೇಲೆ ಪ್ರತಿ ಬಂತು. ಶಾಂತಿ ರಾಣಿಯ ಹಾಗೆ ಕೂತಿದ್ದಾಳೆ. ಕನ್ನಡಿಯಲ್ಲಿ ಜಡೆ ಪೂರ್ತಿ ಕಾಣುತ್ತದೆ. ಜಡೆಯ ಪಕ್ಕದಲ್ಲಿ, ಅಷ್ಟೇ ಸ್ಪಷ್ಟವಾಗಿ, ಪಂಚೆ ಮೇಲೆ ಕಟ್ಟಿ, ಹೆಗಲ ಮೇಲೆ ಎಣ್ಣೆಬಟ್ಟೆ ಹಾಕಿ, ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು, ಮಗುವನ್ನು ನಗಿಸಲು ಕಣ್ಣು ಮೆಳ್ಳೆ ಮಾಡಿಕೊಂಡು ಕುಕ್ಕರಗಾಲಿನಲ್ಲಿ ಕೂತ ಲೆಕ್ಕದ ಮೇಷ್ಟ್ರು! ಕತ್ತರಿ ತೆಗೆದುಕೊಂಡೆ. ನನ್ನನ್ನು ಕತ್ತರಿಸಿದರೆ ಜಡೆಯೂ ಹೋಗುತ್ತದೆ. ಅಮ್ಮ ಫೋಟೋ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹಾಗೇ ಕಳಿಸು ಎಂದರು. ಕಳಿಸಿದೆ.

ಜಾನಕಿಯ ಉತ್ತರ ಒಂದು ಕಾರ್ಡಿನಲ್ಲಿ ಬಂತು. "ಫೋಟೋ ತಲುಪಿತು. ಕನ್ನಡಿಯಲ್ಲಿರುವವರು ಯಾರೆಂದು ರೂಮಿನವರೆಲ್ಲ ಕೇಳಿದರು. ನಮ್ಮ ಯಜಮಾನರು ಎಂದು ಹೇಳಿದೆ. ದೀಪಾವಳಿಗೆ ಬರುವುದಿಲ್ಲ. ಪರೀಕ್ಷೆ ಮುಗಿಸಿಕೊಂಡೇ ಬರುತ್ತೇನೆ." ಆ ಕಾರ್ಡನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಬೇಸಿಗೆಯಲ್ಲಿ ಅವಳು ಪಾಸಾಗಿ ಬಂದಳು. ಮಾರನೆಯ ಬೆಳಿಗ್ಗೆ ಆಸೆಯಿಂದ ಎಣ್ಣೆ ಬಟ್ಟಲು ಹಿಡಿದು ಜಗಲಿಗೆ ಬಂದು ಮಗಳನ್ನು ಕರೆದಳು. ಶಾಂತಿ ನನ್ನ ಹಿಂದೆ ಅವಿತುಕೊಂಡು, "ನೀನು ಬೇಡ, ಅಪ್ಪನೇ ಬಾಚಲಿ" ಎಂದುಬಿಟ್ಟಳು. ಜಾನಕಿ ನಕ್ಕಳು. ಆ ನಗು ನನಗೆ ಇಂದಿಗೂ ನೆನಪಿದೆ. ಬಟ್ಟಲನ್ನು ಒಳಗಿಟ್ಟು ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಹತ್ತು ತಿಂಗಳು ಹಂಬಲಿಸಿದ ತಲೆ ಅವಳ ಕೈಗೆ ಸಿಗಲಿಲ್ಲ. ನನಗೋ, ಬಾಯಿಬಿಟ್ಟು ಹೇಳಲೇಬೇಕು, ಒಳಗೊಳಗೆ ಖುಷಿಯೂ ಆಯಿತು. ಖುಷಿಯಾದದ್ದಕ್ಕೇ ನಾಚಿಕೆಯೂ ಆಯಿತು.

ಮಾರನೆಯ ದಿನದಿಂದ ನಾನು ಒಣಕೂದಲಿಗೆ ಬಾಚಣಿಗೆ ಹಾಕಿದೆ. ನೆತ್ತಿಯಿಂದ ಕೆಳಕ್ಕೆ. ಸಣ್ಣಮ್ಮ ಕಲಿಸಿದ್ದನ್ನೆಲ್ಲ ತಿಳಿದೂ ತಿಳಿದೂ ಮರೆತೆ. ಮೊದಲ ದಿನ ಮಗು ಆಶ್ಚರ್ಯದಿಂದ ತಿರುಗಿ ನನ್ನ ಮುಖ ನೋಡಿತು. ಎರಡನೆಯ ದಿನ ಅತ್ತಿತು. ಮೂರನೆಯ ದಿನ ಅರ್ಧದಲ್ಲೇ ಎದ್ದು ಓಡಿ ತನ್ನ ಅಮ್ಮನ ಮಡಿಲಿಗೆ ಬಿತ್ತು. ಮಗಳ ತಲೆಯೇನು ಗುಡಿಸೋ ನೆಲವೇ ಎಂದು ಜಾನಕಿ ನನ್ನನ್ನು ಚೆನ್ನಾಗಿ ಬೈದಳು. ಮಗುವನ್ನು ಕೂರಿಸಿಕೊಂಡು ಬಾಚತೊಡಗಿದಳು. ನಾನು ಮರೆಯಾಗಿ ನಿಂತು ನೋಡಿದೆ. ಅವಳ ಕೈ ತುದಿಯಿಂದಲೇ ಹೊರಟಿತ್ತು. ಮಾರನೆಯ ದಿನ ಆ ಹೊತ್ತಿಗೆ ನನ್ನ ಎರಡು ಕೈಗಳಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಯಾವತ್ತೂ ಇಲ್ಲದೆ ಸೈಕಲ್ಲು ಒರೆಸಿದೆ.

ಆ ಮೂರು ದಿನಗಳ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಜಾನಕಿ ಮಾತ್ರ ಬಂದವರೆದುರಿಗೆಲ್ಲ ಹೇಳುತ್ತ ಬಂದಿದ್ದಾಳೆ: "ಗಂಡಸರಿಗೆ ಎಲ್ಲ ನಾಲ್ಕು ದಿನದ ಶೋಕಿ. ನಾನು ಬಂದ ಮರುದಿನವೇ ಇವರಿಗೆ ಬೇಜಾರು ಹಿಡಿದುಬಿಡ್ತು." ಮಗಳು ಮದುವೆಯಾಗಿ ಹೋದಳು, ಜಾನಕಿ ಹೆಡ್‌ಮಿಸ್ಟ್ರೆಸ್ ಆದಳು, ಈ ಮಾತು ಮಾತ್ರ ಹಾಗೇ ಉಳಿಯಿತು. ನಾನೂ ಎಲ್ಲರ ಜೊತೆ ನಗುತ್ತಿದ್ದೆ.

ನಾನು ಬರೆದದ್ದನ್ನು ಮೊದಲು ಓದುವವಳು ಅವಳೇ. ಕೆಂಪು ಇಂಕಿನ ಪೆನ್ನು ಹಿಡಿದು ತಪ್ಪು ತಿದ್ದುತ್ತಾಳೆ. ಇವತ್ತು ಬೆಳಿಗ್ಗೆ ಇದಿಷ್ಟನ್ನೂ ಅವಳ ಕೈಗೆ ಕೊಟ್ಟು, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತೆ. ಮೊದಲ ಹಾಳೆಗಳಲ್ಲಿ ಪೆನ್ನು ಕರಕರ ಓಡಿತು. ಕೊನೆಯ ಹಾಳೆಯಲ್ಲಿ ಸದ್ದು ನಿಂತಿತು. ಪೇಪರು ಇಳಿಸಿ ನೋಡಿದರೆ ಅವಳು ಅಲ್ಲಿರಲಿಲ್ಲ. ಬಾಚಣಿಗೆ ಹಿಡಿದು ಒಳಗಿನಿಂದ ಬಂದಳು, ನನ್ನ ಕುರ್ಚಿಯ ಮುಂದೆ ನೆಲದ ಮೇಲೆ ನನಗೆ ಬೆನ್ನು ಮಾಡಿ ಕೂತಳು. ಅರ್ಧಕ್ಕರ್ಧ ನೆರೆತ ಜಡೆಯನ್ನು ತಾನೇ ಬಿಚ್ಚಿ ಬೆನ್ನ ಮೇಲೆ ಹರಡಿ, ತಿರುಗಿ ನೋಡದೆ ಹೇಳಿದಳು:

"ಬಾಚಿ. ಎಳೀಬೇಡಿ."