ಬೀಗ ಹಾಕಿದ ನೀರಿನ ಟ್ಯಾಂಕು

ನಮ್ಮ ಕೋಳಿ ಶೆಡ್ಡನ್ನು ಮುಚ್ಚಿಸಬೇಕೆಂದು ಆಗ ಎಲ್ಲರಿಗೂ ಆತುರ. ಕೆಂಗೇರಿಯಾಚೆ, ಮಾರದೆ ಉಳಿದ ಚೂರು ಜಮೀನಿನಲ್ಲಿರುವ ಶೆಡ್ಡು ಅದು. ಸುತ್ತ ಲೇಔಟ್ ಎದ್ದು, ಅಲ್ಲಿಯವರು ವಾಸನೆ ವಾಸನೆ ಎಂದು ದಿನಾ ಜಗಳಕ್ಕೆ ಬರುತ್ತಿದ್ದರು. ಸಾಲದ್ದಕ್ಕೆ ಹಿಂದಿನ ಬ್ಯಾಚಿನ ಮರಿಗಳು ಭೇದಿ ಹತ್ತಿ ರಾಶಿ ರಾಶಿ ಸತ್ತಿದ್ದವು. ಚಂದ್ರಾ ಲೇಔಟಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಕಾರಿನಿಂದ ಇಳಿಯುತ್ತಲೇ ಮೂಗಿಗೆ ಕರ್ಚೀಫ್ ಹಿಡಿದರು.

"ಸಾಕು ಕಣಮ್ಮ ಈ ಸಹವಾಸ. ಗೋಡೌನ್ ಮಾಡಿ ಬಾಡಿಗೆಗೆ ಬಿಡೋಣ."

ನನ್ನ ಗಂಡ ನೆಲ ನೋಡಿದರು. ಅಣ್ಣನ ಮುಂದೆ ಅವರಿಗೆ ಬಾಯಿಯೇ ಇಲ್ಲ. ನನಗಿದೆ.

"ಇನ್ನೊಂದು ಬ್ಯಾಚ್ ನಾನು ಸಾಕ್ತೀನಿ ಭಾವ. ಅದೂ ಹಾಳಾದ್ರೆ ಶೆಡ್ಡಿಗೆ ನಾನೇ ಬೀಗ ಹಾಕಿ ಕೀ ತಂದು ಕೊಡ್ತೀನಿ" ಅಂದೆ. ಆ ಮನೆಯಲ್ಲಿ ನನ್ನ ಮಾತು ನಡೆಯುತ್ತಿದ್ದ ಜಾಗ ಅದೊಂದೇ. ಅದನ್ನು ಬಿಟ್ಟುಕೊಡುವ ಮನಸ್ಸು ನನಗೆ ಸುತರಾಂ ಇರಲಿಲ್ಲ.

ಅಲ್ಲಿಯವರೆಗೆ ಮರಿ ಮಂಕಾದರೆ ನಾವು ನೀರಿಗೆ ಆಂಟಿಬಯಾಟಿಕ್ ಸುರಿಯುತ್ತಿದ್ದೆವು. ಈ ಸಲ ನಾನು ಪ್ರೊಬಯಾಟಿಕ್ ಪುಡಿ ತಂದೆ. ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಪುಡಿ. ಕುಡಿಯುವ ನೀರಿಗೂ ಬೆರೆಸಬೇಕು, ನೆಲಕ್ಕೆ ಹಾಸಿದ ಭತ್ತದ ಹೊಟ್ಟಿಗೂ ಚಿಮುಕಿಸಬೇಕು. ಅವು ಮೊದಲೇ ಜಾಗ ಹಿಡಿದುಬಿಟ್ಟರೆ ರೋಗ ತರುವವಕ್ಕೆ ನೆಲೆ ಸಿಗುವುದು ಕಷ್ಟ. ಖಾಲಿ ಸೈಟಿಗೆ ಮೊದಲು ಕಾಂಪೌಂಡ್ ಹಾಕಿದವರ ಕಥೆ ಗೊತ್ತಿರುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಭಾವ ನಕ್ಕರು.

"ರೋಗ ಬರ್ತದೆ ಅಂತ ಇನ್ನಷ್ಟು ಬ್ಯಾಕ್ಟೀರಿಯಾ ತಂದು ಹಾಕ್ತೀಯಾ?"

ಮರಿಗಳು ಬಂದವು. ವಾರ ಕಳೆಯುವಷ್ಟರಲ್ಲಿ ಹೊಟ್ಟು ಮತ್ತೆ ಒದ್ದೆ, ಮತ್ತೆ ಅದೇ ಕಣ್ಣುರಿಸುವ ಘಾಟು. ಕೆಲವು ಮರಿಗಳು ರೆಕ್ಕೆ ಜೋತುಬಿಟ್ಟು ಮೂಲೆ ಸೇರಿದವು. ಪುಡಿ ಮಾರಿದ ಅಂಗಡಿಯವನನ್ನು ಬೈದುಕೊಳ್ಳುತ್ತ ಟ್ಯಾಂಕಿನ ಮುಚ್ಚಳ ತೆಗೆದೆ. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯಿತು.

ನಮ್ಮತ್ತೆಯದೇ ಕೆಲಸ. ಶೆಡ್ಡು ಕಟ್ಟಿದಾಗಿನಿಂದ ಅವರು ಬೆಳಗ್ಗೆ ಮುಖ ತೊಳೆದು ಮಾಡುವ ಮೊದಲ ಕೆಲಸವೇ ಟ್ಯಾಂಕಿಗೆ ಬ್ಲೀಚಿಂಗ್ ಕಲಸುವುದು. ಸಂಜೆ ಹೊತ್ತು ಪುಡಿ ಬೆರೆಸುತ್ತಿದ್ದ ನನಗೆ ಅದು ಹೊಳೆದೇ ಇರಲಿಲ್ಲ. ನಾನು ಬಿಟ್ಟ ಒಳ್ಳೆಯ ಬ್ಯಾಕ್ಟೀರಿಯಾಗಳು ಮರಿಯ ಬಾಯಿ ಮುಟ್ಟುವ ಮೊದಲೇ ಅದರಲ್ಲಿ ಸಾಯುತ್ತಿದ್ದವು. ಬೇಡಿ ಅಂದರೆ ಅತ್ತೆ ಕೇಳಲಿಲ್ಲ.

"ನೀರು ಶುದ್ಧ ಇರ್ಬೇಕು ಕಣೆ. ನೀನು ಹುಟ್ಟೋಕ್ ಮುಂಚೆಯಿಂದ ಕೋಳಿ ಸಾಕಿದೀನಿ."

"ಸಾಕಿದೀರಿ ಅತ್ತೆ. ಹೋದ ಸಲ ಗುಂಡಿ ತೋಡಿ ಹೂತವರೂ ನಾವೇ" ಅಂದೆ.

ಅವತ್ತೇ ಟ್ಯಾಂಕು ತೊಳೆದು, ಪೈಪು ಉಜ್ಜಿ, ಬೋರ್‌ವೆಲ್ ನೀರು ತುಂಬಿಸಿ ಮುಚ್ಚಳಕ್ಕೆ ಬೀಗ ಜಡಿದೆ. ಬ್ಲೀಚಿಂಗ್ ಡಬ್ಬವನ್ನು ನನ್ನ ಬೀರುವಿನಲ್ಲಿಟ್ಟು, ಟ್ಯಾಂಕಿನ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅತ್ತೆ ಮಾತು ಬಿಟ್ಟರು. ಸೊಸೆ ಕುಡಿಯೋ ನೀರಿಗೆ ಬೀಗ ಹಾಕಿದಳೆಂದು ನೆಂಟರಿಗೆಲ್ಲ ಫೋನ್ ಹೋಯಿತು. ಹೋಗಲಿ ಅಂದುಕೊಂಡೆ. ಒದ್ದೆ ಹೊಟ್ಟು ಬಾಚಿ ಎಸೆದು ಹೊಸದು ಹಾಸಿ, ಪುಡಿ ಕಲಸಿದ ನೀರು ಚಿಮುಕಿಸಿದೆ. ಒಂದಷ್ಟು ಮರಿ ಹೋದವು. ಉಳಿದವು ಚೇತರಿಸಿಕೊಂಡು ಮೇವಿಗೆ ಮುಗಿಬಿದ್ದವು. ಬರಬರುತ್ತ ಹೊಟ್ಟು ಒಣಗಿತು, ಘಾಟು ಇಳಿಯಿತು. ಒಂದು ಸಂಜೆ ಅತ್ತೆ ಶೆಡ್ಡಿಗೆ ಬಂದು ಒಂದು ಹಿಡಿ ಹೊಟ್ಟು ಎತ್ತಿ ಮೂಸಿದರು. ಅದನ್ನು ಅಲ್ಲೇ ಉದುರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋದರು.

ಕೋಳಿಗಳು ಲಾರಿ ಹತ್ತುವ ಮೊದಲೇ ಭಾವ, ನನಗೊಂದು ಮಾತೂ ಹೇಳದೆ, ಗೋಡೌನ್ ಹುಡುಕುತ್ತಿದ್ದ ಒಬ್ಬರನ್ನು ಕರೆತಂದರು. ಬಂದವರು ಒಳಗೆಲ್ಲ ಕಣ್ಣಾಡಿಸಿ, "ಕೋಳಿ ಶೆಡ್ ಅಂದ್ರಲ್ಲ ಸಾರ್, ಅಂಥ ವಾಸನೆ ಏನಿಲ್ಲ. ನಂಗೆ ಓಕೆ" ಅಂದರು.

ಬಾಗಿಲಿಗೆ ಅಡ್ಡ ನಿಂತೆ.

"ವಾಸನೆ ಇಲ್ಲ ಅಂದ್ಮೇಲೆ ಮುಚ್ಚೋದ್ಯಾಕೆ ಭಾವ? ಬ್ಯಾಚ್ ಹಾಳಾದ್ರೆ ಕೀ ಕೊಡ್ತೀನಿ ಅಂದಿದ್ದೆ. ಹಾಳಾಗಿಲ್ಲ. ಕೊಡಲ್ಲ."

ಭಾವನ ಕರ್ಚೀಫ್ ಅವತ್ತು ಜೇಬಿನಲ್ಲೇ ಇತ್ತು. ಅವರು ತಾಯಿಯ ಕಡೆ ತಿರುಗಿ, "ನೀನಾದ್ರೂ ಹೇಳಮ್ಮ ಇವಳಿಗೆ" ಅಂದರು.

ಅತ್ತೆ ನನ್ನ ಮುಂದೆ ಕೈ ಚಾಚಿದರು. "ಟ್ಯಾಂಕ್ ಕೀ ಕೊಡೆ. ಕೋಳಿ ನೀರಿಗೆ ನಿನ್ನ ಪುಡಿ ಕಲಸೋ ಹೊತ್ತಾಯ್ತು."

ಕೊಟ್ಟೆ. ಬ್ಲೀಚಿಂಗ್ ಡಬ್ಬ ಮಾತ್ರ ಇವತ್ತಿಗೂ ನನ್ನ ಬೀರುವಿನಲ್ಲೇ ಇದೆ.